ಕುರ್ಚಿಯ ಹಿಂದೆ ನಿಂತ ಅಪ್ಪ

ಆ ಕ್ಷೌರಿಕನಿಗೆ ಬೀದಿಯವರು ಇಟ್ಟ ಹೆಸರು ಮಾತಿನ ಮಲ್ಲ. ಕತ್ತರಿಗಿಂತ ಅವನ ನಾಲಿಗೆಯೇ ಚುರುಕು. ಅಂಥವನು ಮನೆ ಬಿಟ್ಟ ಹುಡುಗರ ಆಶ್ರಯಮನೆಯಲ್ಲಿ, ಸ್ವಂತ ಮಗನ ಎದುರು ಕುರ್ಚಿಯಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

"ಇನ್ನು ಹೊಸಿಲು ತುಳಿಯಬೇಡ" ಎಂದು ಸಿಟ್ಟಿನಲ್ಲಿ ಅಂದವನು ಅವನೇ. ಮಗ ತುಳಿಯಲಿಲ್ಲ. ಬೇಸಿಗೆ ಹೋಗಿ ಚಳಿ ಬಂತು. ಹುಡುಗ ಬಸ್ ನಿಲ್ದಾಣದಲ್ಲಿ ಮಲಗಿದ, ಜೊತೆಗಾರರೊಂದಿಗೆ ಒಂದೇ ಸೂಜಿಯಿಂದ ನಶೆ ಚುಚ್ಚಿಕೊಂಡ. ಸೋಂಕು ತಗುಲಿದೆಯೇ ಎಂದು ಈಗ ರಕ್ತ ಪರೀಕ್ಷೆ ಆಗಲೇಬೇಕು. ಅವನು ಒಲ್ಲೆನೆಂದರೆ ಒಲ್ಲೆ. ಮನೆಯವರೊಬ್ಬರು ಜೊತೆಗಿದ್ದರೆ ಹುಡುಗರು ಒಪ್ಪುತ್ತಾರೆ, ಆಮೇಲೂ ದಾರಿ ತಪ್ಪುವುದು ಕಡಿಮೆ ಎಂದು ಆಶ್ರಯಮನೆಯ ನರ್ಸಮ್ಮ ಅಪ್ಪನನ್ನು ಕರೆಸಿದ್ದಳು. ಅವಳ ಕಟ್ಟಳೆ ಒಂದೇ: ಬೈಯಬಾರದು, ಕೇಳಬೇಕು.

"ಕೇಳಿ ಅಣ್ಣಾ" ಎಂದಳು ನರ್ಸಮ್ಮ ಅಪ್ಪನಿಗೆ.

"ಊಟ ಆಯ್ತಾ?"

"ಹ್ಞೂಂ."

"ಮತ್ತೆ?"

"ಮತ್ತೇನು, ನೀನೇ ಹೇಳು. ಗಿರಾಕಿಗಳ ಹತ್ರ ಊರ ಪುರಾಣ ಎಲ್ಲಾ ಒದರ್ತೀಯಲ್ಲ."

ನರ್ಸಮ್ಮ ಕುರ್ಚಿಗಳನ್ನು ಇನ್ನಷ್ಟು ಹತ್ತಿರ ಎಳೆದಳು. ಮೊಣಕಾಲಿಗೆ ಮೊಣಕಾಲು ತಾಗಿತು; ಮಾತು ಮತ್ತೂ ದೂರ ಓಡಿತು.

ಕ್ಷೌರಿಕ ಎದ್ದ. ಹೊರಟೇಬಿಟ್ಟ ಅಂದುಕೊಂಡಳು ನರ್ಸಮ್ಮ. ಅವನು ಹೋಗಿ ಮಗನ ಕುರ್ಚಿಯ ಹಿಂದೆ ನಿಂತ. ಆಯುಷ್ಯವೆಲ್ಲ ಜನರ ಹಿಂದೆ ನಿಂತೇ ಮಾತಾಡಿದವನು. ಎದುರಿನ ಮುಖಕ್ಕೆ ಅವನಿಗೆ ಬರುತ್ತಿದ್ದುದು ಬೈಗುಳವೊಂದೇ.

"ಬೆನ್ನ ಹಿಂದೆ ಮಾತಾಡೋ ಚಾಳಿ ಬಿಡಲ್ವಲ್ಲಪ್ಪಾ ನೀನು" ಅಂದ ಮಗ. ಆದರೆ ಏಳಲಿಲ್ಲ.

"ಆ ಸೂಜಿ ಇನ್ನೂ ಇದ್ಯೇನೋ ಮರಿ?"

"ಮುಟ್ಟದೆ ಸುಮಾರು ದಿನ ಆಯ್ತು." ಹುಡುಗ ಗೋಡೆಗೆ ಉತ್ತರ ಕೊಟ್ಟ.

"ಮತ್ತೆ ಪರೀಕ್ಷೆ ಅಂದ್ರೆ ಏನು ಭಯ?"

"ಏನಾದ್ರೂ ಇದೆ ಅಂದ್ಬಿಟ್ರೆ? ಆಗಂತೂ ನೀನು ಒಳಗೆ ಸೇರಿಸಲ್ಲ."

ಅಪ್ಪನ ಕೈ ತಾನಾಗಿ ಮಗನ ನೆತ್ತಿಗೆ ಹೋಯಿತು. ಕೂದಲು ಜಡೆಗಟ್ಟಿತ್ತು. ದೇವರೇ, ಇಷ್ಟನ್ನು ಹೇಳುವಷ್ಟು ನಾಲಿಗೆ ಕೊಡು ಎಂದುಕೊಂಡ.

"ಇದ್ರೆ ಔಷಧಿ ಇದ್ಯಂತೆ. ಇದ್ರೂ ಮನೆ ನಿಂದೇ, ಇಲ್ದಿದ್ರೂ ನಿಂದೇ. ಅವತ್ತು ಅಂದಿದ್ದು ನನ್ನ ಹಾಳು ಬಾಯಿ ಕಣೋ."

ಹುಡುಗ ಎದ್ದು, ರಕ್ತ ತೆಗೆಯುವ ಪಕ್ಕದ ಕೋಣೆಯ ಬಾಗಿಲು ತಳ್ಳಿದ.

"ಬರ್ತೀಯೋ ಇಲ್ವೋ? ಇಲ್ಲಿ ಹಿಂದೆ ನಿಲ್ಲೋಕೆ ಜಾಗ ಇಲ್ಲ. ಪಕ್ಕದಲ್ಲೇ ಕೂತ್ಕೋಬೇಕು."

ಕ್ಷೌರಿಕ ಹೋಗಿ ಕೂತ. ಮಗ ಅಂಗಿಯ ತೋಳು ಮೇಲಕ್ಕೆ ಸರಿಸಿದ.