ನಲವತ್ತೊಂದನೆಯ ಹಾಳೆ

ನಾಲ್ಕು ಸಹಿ ಸುಳ್ಳಂತೆ ಮಾರಾಯ್ತಿ, ನಾಲ್ಕೂ ನಿನ್ನ ಹಾಳೆಯದ್ದೇ, ಟ್ರಾಮ್ ಕಂಪನಿಯ ಲಾಯರು ಇವತ್ತು ಕೋರ್ಟಿನಲ್ಲಿ ದೊಡ್ಡ ಪರದೆ ಮೇಲೆ ಹಾಕಿ ತೋರಿಸಿದ, ಎಂತ ಮಾಡಿ ಇಟ್ಟದ್ದು ನೀನು — ಸಹಿ ಸಂಗ್ರಹದ ಮುಂದಾಳು ಜೂಲಿ ಫೋನಿನಲ್ಲಿ ಹೇಳುತ್ತಲೇ ಇದ್ದಳು, ಅಂಕಿತಾಳಿಗೆ ಕೇಳಿಸಿದ್ದು ನಾಲ್ಕು ಎಂಬುದೊಂದೇ, ಬಸ್ಸಿನ ಮೇಲಂತಸ್ತು, ಮುಂದಿನ ಸೀಟು, ಗಾಜಿಗೆ ಮರದ ಕೊಂಬೆ ಪಟಪಟನೆ ಬಡಿಯುತ್ತಿದೆ, ಕ್ವೀನ್ಸ್‌ಬರಿಗೆ ಇನ್ನೂ ಐದು ಸ್ಟಾಪು, ಹಿಂದೆ ಯಾರೋ ಕಿತ್ತಳೆ ಸುಲಿಯುತ್ತಿದ್ದಾರೆ, ನಾಲ್ಕು. ಬೇಕಾಗಿದ್ದದ್ದು ಮೂರು ಸಾವಿರ, ಮೂರು ಸಾವಿರ ಮತದಾರರು ಸಹಿ ಹಾಕಿದರೆ ಈ ಟ್ರಾಮ್ ದಾರಿ ಬೇಕೋ ಬೇಡವೋ ಎಂದು ಕೌನ್ಸಿಲ್ ಜನರ ಮತಕ್ಕೆ ಹಾಕಲೇಬೇಕು, ಟ್ರಾಮ್ ಬೇಡವೆನ್ನುವ ಇವರ ಗುಂಪು ಕೊಟ್ಟದ್ದು ಇನ್ನೂರು ಹೆಚ್ಚು, ಕಂಪನಿ ಕೋರ್ಟಿಗೆ ಹೋಯಿತು, ಮನೆ ಬದಲಿಸಿದವರು ಹೋದರು, ಎರಡು ಸಲ ಹಾಕಿದವರು ಹೋದರು, ಪೋಸ್ಟ್‌ಕೋಡ್ ತಪ್ಪು ಬರೆದವರು ಹೋದರು, ಕೊನೆಗೆ ಉಳಿದದ್ದು ಮೂರು ಸಾವಿರದ ಮೂರು, ಸಾಕು, ಮೂರು ಹೆಚ್ಚಿದ್ದರೂ ಗೆದ್ದ ಹಾಗೆಯೇ ಎಂದು ಹೋದ ವಾರ ಜೂಲಿಯ ಫ್ಲ್ಯಾಟಿನಲ್ಲಿ ಕೇಕು ಕತ್ತರಿಸಿದರು, ಅಂಕಿತಾ ಕುಣಿದದ್ದಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು — ಅದರಲ್ಲಿ ನಾಲ್ಕು ಹೋದರೆ ಎಷ್ಟು ಎಂದು ತಿಳಿಯಲು ಅವಳು ಕಾಲೇಜಿನಲ್ಲಿ ಓದುವ ಸ್ಟ್ಯಾಟಿಸ್ಟಿಕ್ಸ್ ಬೇಕಾಗಿಲ್ಲ.

ಯಾರ ಸಹಿ ಎಂದು ಅವಳು ಕೇಳಲಿಲ್ಲ, ಜೂಲಿಯೇ ಹೇಳಿದಳು, ನಲವತ್ತೊಂದನೆಯ ಹಾಳೆ, ಒಂದೇ ಮನೆಯ ಐದು ಹೆಸರು, ಎಲ್ಲದರ ಕೆಳಗೂ ಒಂದೇ ನಮೂನೆ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ, ಜಡ್ಜು ಕನ್ನಡಕ ತೆಗೆದು ನೋಡಿದರಂತೆ — ಮಹಾಲಿಂಗಪ್ಪ ಕಾಕಾ, ಇನ್ಯಾರು. ಅಪ್ಪನಿಗೆ ವಿಜಯಪುರದ ಕಾಲದಿಂದಲೂ ಗೊತ್ತು, ಅಂಕಿತಾಳಿಗೆ ಹುಟ್ಟಿದಾಗಿನಿಂದ ಕಾಕಾ, ಟ್ರಾಮ್ ಸ್ಟಾಪ್ ಬರುವ ಜಾಗದಲ್ಲೇ ಅವರ ರೊಟ್ಟಿ ಅಂಗಡಿ, ಅಂಗಡಿಯ ಹಿಂದೆ ಅಡುಗೆಮನೆ, ಅಲ್ಲಿ ಅವರ ಹೆಂಡತಿ ಚಂದ್ರವ್ವ ಕಾಕು ರೊಟ್ಟಿ ಬಡಿಯುವ ಸಪ್ಪಳ ಹೊರಗಿನ ಫುಟ್‌ಪಾತಿಗೂ ಕೇಳುತ್ತದೆ, ಈ ದೇಶಕ್ಕೆ ಬಂದ ಇಪ್ಪತ್ತು ವರ್ಷದಲ್ಲಿ ಕಾಕು ಇಂಗ್ಲಿಷಿನಲ್ಲಿ ಕಲಿತದ್ದು ಹಾಟ್, ವೆರಿ ಹಾಟ್, ಟುಮಾರೋ ಕಮ್, ಜಿಪಿ ಡಾಕ್ಟರ ಹತ್ತಿರ ಹೋದರೆ ಬಾಯಿ ಬಿಡದ ಹೆಂಗಸು ಆ ಒಲೆಯ ಮುಂದೆ ಗಂಡನನ್ನೇ ಗದರುತ್ತಾಳೆ, ಆ ಒಲೆ ಹೋದರೆ ಅವಳು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕಿಟಕಿ ನೋಡುತ್ತ ಕೂರಬೇಕು, ಬೇರೆ ಏನಿದೆ. ಅವತ್ತು ಅಂಕಿತಾ ಹಾಳೆ ಹಿಡಿದು ಹೋದಾಗ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ತಿಂದು ಹೋಗs ಅವ್ವಿ, ಸಹಿ ಎಲ್ಲಿ ಹೋಗ್ತದ, ಕಾಕಾ ಕಿಸೆಯಿಂದ ಪೆನ್ನು ತೆಗೆದು ತನ್ನದು ಹಾಕಿದರು, ಗೆರೆ ಎಳೆದರು, ಚುಕ್ಕಿ, ಚುಕ್ಕಿ, ಆಮೇಲೆ ಕಾಕುವಿನದು, ಕಾಕಾ, ಕಾಕು ಇಲ್ಲೇ ಇದ್ದಾರಲ್ಲ, ಎಂದಳು ಅಂಕಿತಾ, ಒಳಗಿಂದ ಕೂಗು ಬಂತು, ಕೈಯಾಗ ಹಿಟ್ಟದ, ನೀವs ಮಾಡ್ರಿ, ಮುಂದೆ ಹಿರಿಯ ಮಗನದು, ಅವನು ಊರಿನ ಇನ್ನೊಂದು ತುದಿಯ ಹೌನ್ಸ್ಲೋದಲ್ಲಿ ಡ್ಯೂಟಿಯ ಮೇಲೆ, ಸೊಸೆಯದು, ಕಿರಿಯವನದು, ಅವರನ್ನ ಯಾಕ ಕಾಯ್ತಿ, ಮದುವಿ ಪತ್ರಕ್ಕ ನಾ ಒಬ್ಬವ ಹಾಕೀನಿ, ಸಾಲಿ ಫಾರ್ಮಿಗೆ ನಾ ಹಾಕೀನಿ, ಇದೇನ ದೊಡ್ಡದು, ಅಂಕಿತಾಳ ಬಾಯ್ತುಂಬ ರೊಟ್ಟಿ. ಅಪ್ಪನೂ ಹಾಗೆಯೇ, ಮನೆಗೆ ಬಂದ ಯಾವ ಕಾಗದಕ್ಕೂ ಅಪ್ಪನೊಬ್ಬನದೇ ಸಹಿ, ಅಮ್ಮನ ಸಹಿ ಹೇಗಿದೆ ಎಂದು ಅವಳು ಇವತ್ತಿಗೂ ನೋಡಿಲ್ಲ, ತಪ್ಪು ಎಂದು ತಲೆಗೆ ಹೊಳೆದರೆ ತಾನೇ. ಹಾಳೆಯ ತಳದಲ್ಲಿ ಅಚ್ಚಾದ ಸಾಲು, ಮೇಲಿನ ಪ್ರತಿಯೊಬ್ಬರೂ ನನ್ನೆದುರೇ ಸ್ವಂತ ಕೈಯಿಂದ ಸಹಿ ಮಾಡಿದ್ದಾರೆ, ಅದನ್ನು ಓದದೆ ಕೆಳಗೆ ತನ್ನ ಹೆಸರು ಗೀಚಿದಳು, ಐ ಅಕ್ಷರದ ಮೇಲೆ ಚುಕ್ಕಿಯ ಬದಲು ಪುಟ್ಟ ಹೃದಯ, ಅದೂ ಪರದೆಯ ಮೇಲೆ ಬಂದಿರುತ್ತದೆ, ಬಾಗಿಲಿನಷ್ಟು ಎತ್ತರದ ಹೃದಯ.

ಬಸ್ಸು ನಿಂತೇ ಇದೆ, ಮುಂದೆ ರಸ್ತೆ ಅಗೆದಿದ್ದಾರೆ, ಫೋನು ನಡುಗಿತು, ತಮ್ಮ ಕಡೆಯ ಲಾಯರು ಸಿರಿಶಾ, ಅಂಕಿತಾ, ಗಾಬರಿ ಆಗಬೇಡಿ, ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ಆಫೀಸಿಗೆ ಬನ್ನಿ, ಅವತ್ತು ಏನಾಯಿತು ಅಂತ ನೀವು ಹೇಳಿದ್ದನ್ನ ಬರೆದು ಪ್ರಮಾಣ ಮಾಡಿಸಬೇಕು, ನಿಮ್ಮ ಕಣ್ಣೆದುರು ಅವರವರೇ ಹಾಕಿದ್ದಾದರೆ ಹಾಗೇ ಹೇಳಿ, ಇಲ್ಲದಿದ್ದರೆ ಇಲ್ಲ ಅಂತ ಹೇಳಿ, ಯಾವುದು ಹೇಳಿ ಅಂತ ನಾನು ಹೇಳೋ ಹಾಗಿಲ್ಲ. ಹೌದು ಎಂದರೆ ಪ್ರಮಾಣ ಮಾಡಿ ಹೇಳಿದ ಸುಳ್ಳು, ಇಲ್ಲ ಎಂದರೆ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಮತವೂ ಇಲ್ಲ, ಒಲೆಯೂ ಇಲ್ಲ — ಆ ನಾಲ್ಕೂ ಜನ ಕೇಳಿದ್ದರೆ ಓಡಿ ಬಂದು ಹಾಕುತ್ತಿದ್ದರು, ಕಾಕು ಮೂರು ಹೆಜ್ಜೆ ಆಚೆಗಿದ್ದಳು, ಕೈ ಒರೆಸಿಕೊಳ್ಳಲು ಎಷ್ಟು ಹೊತ್ತು, ನೆನಪಿಲ್ಲ ಎಂದುಬಿಟ್ಟರೆ, ಹೌದು, ನೆನಪಿಲ್ಲ, ನೂರು ಮನೆಗೆ ಹೋಗಿದ್ದೆ, ಅದು ಸುಳ್ಳೂ ಅಲ್ಲ ನಿಜವೂ ಅಲ್ಲ, ಹಾಗೆಯೇ ಹೇಳುವುದು, ಎಂದುಕೊಳ್ಳುವಷ್ಟರಲ್ಲಿ ಮತ್ತೆ ಫೋನು, ಕಾಕಾ, ಹಿಂದೆ ಟಪ ಟಪ ಬಡಿಯುವ ಸಪ್ಪಳ, ಅವ್ವಿ, ಜೂಲಿ ಫೋನ್ ಮಾಡಿದ್ಲು, ಅಳಾಕತ್ತೀಯಂತ, ಯಾಕ, ಸುಳ್ಳು ಸಹಿ ಅಂತಾರs ಅವ್ರು, ಸುಳ್ಳು ಹ್ಯಾಂಗ ಆಗ್ತದ, ನಾನs ಹಾಕೀನಲ್ಲ, ಜೀವಂತ ಅದೀನಿ. ಕಾಕಾ, ಅದೇ ಕಾಕಾ, ನೀವು ಹಾಕಿದ್ದೇ — ಕಾಕಾ ನಡುವೆಯೇ ಮಾತು ತುಂಡರಿಸಿದರು. ನೀ ಅಂಜಬ್ಯಾಡ, ಲಾಯರ ಅಕ್ಕಾರಿಗೆ ಮೊನ್ನೆ ನಾನs ಹೋಳಿಗಿ ಕೊಟ್ಟ ಬಂದೀನಿ, ಆಫೀಸ ಗೊತ್ತದ, ಹತ್ತಕ್ಕ ಅಂದ್ಲು ಜೂಲಿ, ಹೌದಿಲ್ಲೋ, ಕೋಟ ಹಾಕ್ಕೊಂಡು ಬರ್ತೀನಿ, ನಿನ್ನ ಮಗ್ಗಲಾಗ ಕುಂತು ನಾಕೂ ಸಹಿ ಮತ್ತೊಮ್ಮೆ ಹಾಕಿ ತೋರಸ್ತೀನಿ, ಒಂದಕ್ಕೊಂದು ಕೂದಲಷ್ಟು ಫರಕ ಬಂದ್ರ ಕೇಳು. ಬೇಡ ಎನ್ನಬೇಕು, ಈಗಲೇ, ಬೇಡ ಕಾಕಾ ಎನ್ನಬೇಕು, ಹೂಂ ಕಾಕಾ, ಹತ್ತಕ್ಕೆ, ಎಂದಿತು ಬಾಯಿ, ಬಸ್ಸು ಅಲುಗಲಿಲ್ಲ, ಅವಳ ಕಣ್ಣ ಮುಂದೆ ಕಾಕಾನ ಆ ದಪ್ಪ ಬೆರಳು ಪೆನ್ನು ಹಿಡಿದು ನಿಧಾನವಾಗಿ ಗೆರೆ ಎಳೆಯುತ್ತಿದೆ, ಚುಕ್ಕಿ, ಚುಕ್ಕಿ, ಮುಂದಿನ ಹೆಸರು, ಗೆರೆ, ಚುಕ್ಕಿ,