ಕೆಂಪು ಅಂಟಿನ ಟ್ಯೂಬು

ಶಿಕಾರಿಪುರದ ಮೆಕ್ಯಾನಿಕ್ ನಜೀರ್ ಸಾಬ್ ಬೆಳಗ್ಗೆಯಿಂದ ಹೆಣಗಿದ್ದು ಒಂದೇ ಬೋಲ್ಟಿನ ಜೊತೆ. ಉಡುತಡಿಯ ಹುಚ್ಚರಾಯಪ್ಪನ ಕಾರಿನ ಬ್ರೇಕ್ ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿದ ಮೇಲೆ ಹೊರಬಂತು. ಥ್ರೆಡ್ಡಿನ ತುಂಬ, ಬೋಲ್ಟು ಸಡಿಲಾಗದಂತೆ ಹಚ್ಚುವ ಕೆಂಪು ಅಂಟು.

“ಯಾವ ಮಹಾನುಭಾವ ಹಾಕಿದ್ದು ಇದನ್ನ? ಕೆಂಪು ಅಂಟು ಮತ್ತೆ ಬಿಚ್ಚೋ ಮಾತೇ ಇಲ್ಲದ ಬೋಲ್ಟಿಗೆ ಕಣ್ರೀ. ಬ್ರೇಕಿಗೆ ನೀಲಿ ಸಾಕು.”

“ನಾನೇ ಸಾಬ್ರೇ. ನಮ್ಮೂರ ದಾರೀಲಿ ಅಲ್ಲಾಡಿ ಬಿದ್ದುಹೋದ್ರೆ ಅಂತ.”

ನಜೀರ್ ಸಾಬ್ ಸೊಂಟ ಹಿಡಿದುಕೊಂಡು ಎದ್ದು ಕೈ ಚಾಚಿದರು. “ಆ ಟ್ಯೂಬು ಕೊಡ್ರಿ ಇಲ್ಲಿ. ಮೊದ್ಲು ಎಸೀತೀನಿ.”

ಹುಚ್ಚರಾಯಪ್ಪ ಕಾರಿನೊಳಗಿಂದ ಟ್ಯೂಬು ತಂದುಕೊಟ್ಟ. ಅದು ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು.

“ಖಾಲಿ ಆಗೈತ್ರೀ. ಉಳಿದ ಮೂರು ಗಾಲಿಗೂ ಹಾಕೀನಲ್ಲ.”

ನಜೀರ್ ಸಾಬ್ ಮುಂದಿನ ಗಾಲಿಯ ಪಕ್ಕ ಮತ್ತೆ ಕುಕ್ಕರಗಾಲಲ್ಲಿ ಕೂತು ಗ್ಯಾಸ್ ಹಚ್ಚಿದರು.