ಸಂಘದ ಅಂಗಳದಲ್ಲಿ ಎರಡು ಒಲೆ

ಊರೊಳಗಿನ ಅಂದಪ್ಪನವರ ಮಗ ಕಲ್ಲೇಶ ತಾನಾಗಿಯೇ ಊರಾಚೆಯ ಕೇರಿಗೆ ಬಂದು, ಹುಲಿಗವ್ವನ ಬಾಗಿಲಲ್ಲಿ ಬೈಕು ನಿಲ್ಲಿಸಿ ಹೇಳಿದ.

"ಯವ್ವಾ, ರವಿವಾರ ಸಂಜಿಕ ಸಂಘದ ಅಂಗಳದಾಗ ಡಿಜೆ ಹಚ್ಚಿ ಕುಣ್ಯಾವ್ರು ನಾವು. ಕೆಂಡದ ಕೋಳಿನೂ ಐತಿ. ಖಾರ ಅರೆಯೂದು, ಸುಡೂದು ನಿಂದ. ನಿನ್ನ ಕೈ ರುಚಿ ಊರಿಗೆಲ್ಲಾ ಗೊತ್ತಾಗ್ಲಿ."

ಅವನಿಗಂತೂ ಆ ರುಚಿ ಗೊತ್ತಿತ್ತು. ಸಣ್ಣವನಿದ್ದಾಗ ಅವಳ ಮಗ ದುರಗೇಶನ ಜೊತೆ ಕಾಲುವೆಯಲ್ಲಿ ಈಸಾಡಿ, ಹಸಿದು ಅವಳ ಹಿತ್ತಲಿಗೆ ಬರುತ್ತಿದ್ದ. ಕೋಳಿ ಸಾರಿನಲ್ಲಿ ರೊಟ್ಟಿ ಮುರಿದು ತಿಂದು, ಬಾಯಿ ತೊಳೆದುಕೊಂಡು, ಮನೆಯಲ್ಲಿ ಹೇಳಬೇಡವೆಂದು ಕೈ ಮುಗಿದು ಹೋಗುತ್ತಿದ್ದ. ಆಗ ಹುಡುಗ, ಅಪ್ಪನ ಅಂಜಿಕೆ. ಈಗ ಅವನೇ ತರುಣ ಸಂಘದ ಅಧ್ಯಕ್ಷ, ದುರಗೇಶ ಸದಸ್ಯ. ಇಬ್ಬರದೂ ಒಂದೇ ಬಣ್ಣದ ಅಂಗಿ. ಒಮ್ಮೆಯಾದರೂ ಮಂದಿಯೆದುರು ಈ ಊರು ತನ್ನ ಕೈಯದ್ದು ತಿಂದರೆ ಸಾಕು ಅನ್ನಿಸಿತು ಹುಲಿಗವ್ವನಿಗೆ.

ರವಿವಾರ ಬಿಸಿಲು ಇಳಿಯುವ ಹೊತ್ತಿಗೆ ಅವಳು ಜಾಲಿ ಕಟ್ಟಿಗೆಯ ಕೆಂಡ ಮಾಡಿ, ಖಾರ ಸವರಿದ ಕೋಳಿಯನ್ನು ಮೇಲಿಟ್ಟಳು. ತಲೆಯೆತ್ತಿ ನೋಡಿದರೆ ಅಂಗಳದ ಆಚೆ ತುದಿಯಲ್ಲಿ ಇನ್ನೊಂದು ಒಲೆ.

"ಅದ್ಯಾಕೋ ದುರಗ್ಯಾ?"

"ಅದು ಸಣ್ಣ ಹುಡುಗ್ರಿಗೆ ಬೇ. ಖಾರ ಕಮ್ಮಿದ್ದು. ಗಂಗಾವತಿಯಿಂದ ಅಡಿಗಿಯವ ಬಂದಾನ," ಎಂದ ಮಗ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಡಿಜೆ ಶುರುವಾಯಿತು. ಕಲ್ಲೇಶ ದುರಗೇಶನನ್ನು ಹೆಗಲ ಮೇಲೆ ಹೊತ್ತು ಕುಣಿದ. ಯಾರ ಬೆವರು ಯಾರ ಮೈಗೆ ಹತ್ತಿತೋ ಯಾರೂ ಕೇಳಲಿಲ್ಲ. ಹುಲಿಗವ್ವನಿಗೆ ಜೀವ ತಂಪಾಯಿತು.

ಹಾಡು ನಿಂತು ಮಂದಿ ತಿನ್ನಲು ಎದ್ದರು. ಆಚೆಯ ಒಲೆಯ ಮುಂದೆ ಸಾಲು ಬೆಳೆಯಿತು. ಸಣ್ಣ ಹುಡುಗರ ಆ ಸಾಲಿನಲ್ಲಿ ಮೀಸೆ ನರೆತವರೂ ನಿಂತಿದ್ದರು. ಇವಳ ಹತ್ತಿರ ಬಂದವರು ಕೇರಿಯವರು ಮಾತ್ರ.

ಪ್ಲೇಟು ಹಿಡಿದು ಆಚೆಯ ಸಾಲಿಗೆ ಹೊರಟಿದ್ದ ಊರೊಳಗಿನ ಶಂಕ್ರಮ್ಮನನ್ನು ಕರೆದಳು. "ಬಾರಬೇ, ಒಂದ ತುಂಡ ತಿಂದ ನೋಡು."

"ಒಲ್ಲೆ ತಾಯಿ, ನನಗ ಖಾರ ಆಗಂಗಿಲ್ಲ."

ಹತ್ತಿ ಬಿಡಿಸಲು ಹೋದಾಗ ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುವ ಹೆಂಗಸು ಅವಳು.

ಕೆಂಡದ ಮೇಲಿನ ಕಬ್ಬಿಣದ ಜಾಳಿಗೆಯಲ್ಲಿ ಕೋಳಿ ಕಪ್ಪಾಗತೊಡಗಿತು. ಆಗ ಕಲ್ಲೇಶ ಹಿಂದಿನಿಂದ ಬಂದು, ಮೆಲ್ಲಗೆ, "ಯವ್ವಾ, ಎರಡ ಕಾಲು ಡಬ್ಬಿಯಾಗ ಹಾಕಿ ಕೊಡು. ಆಮ್ಯಾಲೆ ಹೊಲದಾಗ ತಿಂತೀನಿ," ಎಂದ.

"ಇಲ್ಲೇ ತಿನ್ನಪಾ. ಬಿಸಿ ಐತಿ."

"ಅಲ್ಲಿ ಅಪ್ಪ ಕುಂತಾನ."

"ಯಾಕ, ನಿಮ್ಮಪ್ಪ ಕೋಳಿ ತಿನ್ನಂಗಿಲ್ಲೇನು?"

"ತಿಂತಾನ. ಎಲ್ಲಾ ತಿಳದಾಕಿ ನೀನ ಹಿಂಗ ಹಟಾ ಹಿಡದ್ರ ಹೆಂಗ ಬೇ?" ಕಲ್ಲೇಶ ನಕ್ಕ.

"ತಿನ್ನೂದಿದ್ರ ಇಲ್ಲೇ ತಿನ್ನು ಕಲ್ಲೇಶಾ. ಡಬ್ಬಿಯಾಗ ಹಾಕಂಗಿಲ್ಲ ನಾನು."

ಕಲ್ಲೇಶನ ನಗೆ ಹೋಯಿತು. ನೆಟ್ಟಗೆ ದುರಗೇಶನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ದುರಗೇಶ ಒಲೆಯ ಕಡೆ ದಾಪುಗಾಲಿಟ್ಟು ಬಂದ. ನಡಿ ಯವ್ವಾ, ಮನೆಗೆ ಹೋಗೋಣ ಅನ್ನುತ್ತಾನೆಂದು ಹುಲಿಗವ್ವ ಸೆರಗು ಕೊಡವಿ ಎದ್ದು ನಿಂತಳು.

ಅವನು ಮಾತ್ರ, ಅವಳು ಖಾರ ತಂದಿದ್ದ ಸ್ಟೀಲಿನ ಡಬ್ಬಿ ತೊಳೆಯತೊಡಗಿದ.

"ದುರಗ್ಯಾ, ಅದನ್ನ ಕೆಳಗಿಡು."

"ಮಂದ್ಯಾಗ ನನ್ನ ಮಾನ ಕಳೀಬ್ಯಾಡ ಬೇ. ನನ್ನ ಗೆಳ್ಯಾ ಅಂವ."

ಬರಿಗೈಯಿಂದಲೇ ಕೆಂಡದ ಮೇಲಿನ ಎರಡು ಕೋಳಿಕಾಲು ಎತ್ತಿ, ಬೆರಳು ಸುಟ್ಟರೂ ಬಿಡದೆ ಡಬ್ಬಿಗೆ ಹಾಕಿದ. ಟವೆಲ್ಲು ಸುತ್ತಿ, ಯಾರೂ ನೋಡದಂತೆ ಕಲ್ಲೇಶನ ಬೈಕಿನ ಚೀಲದಲ್ಲಿಟ್ಟ. ಆಮೇಲೆ ಆಚೆಯ ಒಲೆಯ ಸಾಲಿನ ಕೊನೆಗೆ ಹೋಗಿ ನಿಂತ.

ಅಡಿಗೆಯವ ಅವನಿಗೂ ಒಂದು ಪ್ಲೇಟು ಕೊಟ್ಟ. ಕಲ್ಲೇಶ ಬೆನ್ನು ತಟ್ಟಿ ಪಕ್ಕದಲ್ಲಿ ಜಾಗ ಮಾಡಿದ. ಊರ ಸಾಲಿನಲ್ಲಿ ಮಗ ಉಣ್ಣುವುದನ್ನು ಹುಲಿಗವ್ವ ಮೊದಲ ಸಲ ಕಂಡಳು.

ಬಾಯಲ್ಲಿ ತುಂಡಿಟ್ಟುಕೊಂಡೇ ಅವನು ಅಲ್ಲಿಂದ ಕೂಗಿದ.

"ಯವ್ವಾ, ನೀ ಇನ್ನ ನಡಿ ಮನಿಗೆ. ನನಗ ತಡಾ ಆಕ್ಕೈತಿ."